ಒಂದು ಬೆರಳು ಆಚೆಗಿದ್ದ ಗೆರೆ

ಈ ಮನುಷ್ಯ ಎಂಥವನು ಎಂದು ತಿಳಿದುಕೊಳ್ಳಲು ನನಗೆ ಬಿದ್ದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಪಿಸ್ಟನ್, ಎರಡು ಲೈನರ್, ಒಂದು ಹೆಡ್ ಗ್ಯಾಸ್ಕೆಟ್, ಹೆಡ್ಡನ್ನು ಸಪಾಟು ಮಾಡಿಸಿದ ಕೂಲಿ, ಎಲ್ಲ ಸೇರಿ ಅರವತ್ತೆಂಟು ಸಾವಿರ. ಮಿರಜದ ಅಂಗಡಿಯವನು ಎಪ್ಪತ್ತೊಂಬತ್ತು ಹೇಳಿದ್ದ. ಎರಡು ಸಲ ಅಂಗಡಿ ಇಳಿದು ಹೋಗಿ, ಅವನಾಗಿಯೇ ಕೂಗಿ ಕರೆಯುವವರೆಗೆ ಎದುರಿನ ಚಹಾದಂಗಡಿಯಲ್ಲಿ ಕೂತು ಇಳಿಸಿದೆ. ಇದರ ಮೇಲೆ ಕಬ್ಬು ಸಾಗಣೆಯ ಒಂದು ಹಂಗಾಮು ಹೋಯಿತು. ಅದನ್ನು ಮಾತ್ರ ಯಾವ ಅಂಗಡಿಯಲ್ಲೂ ಚೌಕಾಶಿ ಮಾಡಿ ವಾಪಸು ತರಲಾಗುವುದಿಲ್ಲ.

ಇಷ್ಟು ಖರ್ಚು ಯಾಕಾಯಿತೆಂದರೆ, ನನ್ನ ಟ್ರಕ್ಕಿನ ಇಂಜಿನ್ನಿನ ಮುಂದೆ ಬೆಲ್ಟ್ ತಿರುಗಿಸುವ ಗಾಲಿ ಇದೆಯಲ್ಲ, ಪುಲ್ಲಿ, ಅದರ ಅಂಚಿನ ಮೇಲೆ ಕೂದಲೆಳೆಯಂಥ ಒಂದು ಗೆರೆ ಇರುತ್ತದೆ. ಆ ಗೆರೆ ಇರಬೇಕಾದ ಜಾಗದಿಂದ ಒಂದು ಬೆರಳು ಆಚೆಗಿತ್ತು. ಅದನ್ನು ಅಲ್ಲಿಗೆ ಸರಿಸಿದವನು ಈತ, ನಮ್ಮ ಕಡೆಯ ಡೀಸೆಲ್ ಗಾಡಿಗಳ ದೊಡ್ಡ ಮಿಸ್ತ್ರಿ.

ಆತನ ಹೆಸರು ಬರೆಯುವುದಿಲ್ಲ. ಮನೆಯವರು ಇದ್ದಾರೆ, ಒಳ್ಳೆಯವರು, ಅದು ಒಂದು ಕಾರಣ. ಎರಡನೆಯದು ನನ್ನ ಸ್ವಂತದ್ದು. ಬರೆದರೆ ಆ ಹೆಸರು ಇನ್ನೂ ನಾಲ್ಕು ಊರಿಗೆ ಹೋಗುತ್ತದೆ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಅದು ಬೇಕಾದಷ್ಟು ಓಡಾಡಿದೆ, ಇನ್ನು ಸಾಕು.

ನೋಡಲಿಕ್ಕೆ ಮಿಸ್ತ್ರಿಯ ಹಾಗೆ ಇರಲಿಲ್ಲ. ಒಣಗಿದ ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಕಿಸೆಯಲ್ಲಿ ತಂಬಾಕಿನ ಡಬ್ಬಿ. ಇಡೀ ದಿನ ಇಂಜಿನ್ನಿನೊಳಗೆ ಕೈ ಹಾಕಿದರೂ ಆ ಅಂಗಿಗೆ ಒಂದು ಹನಿ ಎಣ್ಣೆ ಬಿದ್ದದ್ದನ್ನು ನಾನು ನೋಡಿಲ್ಲ. ಚಿಕ್ಕೋಡಿ ರಸ್ತೆಗೆ ಹೊಂದಿಕೊಂಡಿದ್ದ ಆತನ ಜಾಗದಲ್ಲಿ ಎರಡು ತಗಡಿನ ಚಪ್ಪರ, ಒಂದು ಬೇವಿನ ಮರ, ಒಂದು ಹೊರಸು. ಫಲಕ ಇಲ್ಲ. ಶಿಷ್ಯರಂತೂ ಇಲ್ಲವೇ ಇಲ್ಲ. ಕಲಿಯುತ್ತೇವೆ ಎಂದು ಬಂದವರನ್ನೆಲ್ಲ ಒಂದೇ ಮಾತಿನಲ್ಲಿ ಕಳಿಸುತ್ತಿದ್ದ: "ಕಣ್ಣಿನಿಂದ ಬರೋ ವಿದ್ಯಾ ಅಲ್ಲೋ ತಮ್ಮಾ ಇದು. ಹೋಗು, ಕಬ್ಬಿಗೆ ನೀರ ಹಾಯ್ಸು."

ಗಾಡಿ ಬಂದು ನಿಂತರೆ ಆತ ಹೊರಸಿನಿಂದ ಏಳುತ್ತಿರಲಿಲ್ಲ. ಅಂಗೈಯಲ್ಲಿ ತಂಬಾಕು, ಸುಣ್ಣ ಹಾಕಿ ತಿಕ್ಕಲು ಶುರು ಮಾಡುತ್ತಿದ್ದ. ಡ್ರೈವರ್ ರೋಗದ ಕಥೆ ಹೇಳಲು ಬಾಯಿ ತೆರೆದರೆ, "ನೀ ಸುಮ್ನಿರು. ಅದ ಮಾತಾಡಾಕತ್ತೈತಿ, ಕೇಳೂಣು," ಎನ್ನುವುದು. ತಂಬಾಕು ಹದಕ್ಕೆ ಬರುವ ಹೊತ್ತಿಗೆ ಇಂಜಿನ್ನಿನ ಕಾಯಿಲೆ ಆತನಿಗೆ ಗೊತ್ತಾಗಿರುತ್ತಿತ್ತು. ಒಮ್ಮೆ ಕಾಗವಾಡದ ಹತ್ತಿರ ದ್ರಾಕ್ಷಿ ತುಂಬಿದ ಗಾಡಿಯೊಂದು ನಿಂತುಬಿಟ್ಟಿತು. ಮೂವರು ಮೆಕ್ಯಾನಿಕ್‌ಗಳು ಅರ್ಧ ದಿನ ಒದ್ದಾಡಿದ್ದರು. ಈತ ಬಸ್ಸಿನಲ್ಲಿ ಹೋಗಿ ಇಳಿದ, ಡೀಸೆಲ್ ಪೈಪಿನ ಒಂದು ಜೋಡಣೆಗೆ ಮೈಸಾಬೂನು ಮೆತ್ತಿ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಅದೇ ಬಸ್ಸು ಕಾಗವಾಡಕ್ಕೆ ಹೋಗಿ ತಿರುಗಿ ಬರುವಷ್ಟರಲ್ಲಿ ಅದನ್ನೇ ಹತ್ತಿ ವಾಪಸಾದ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆತ ದಡ್ಡನಾಗಿದ್ದರೆ ನನಗೆ ಈ ಪರಿ ಸಿಟ್ಟು ಬರುತ್ತಿರಲಿಲ್ಲ.

ನನ್ನಂಥವನಿಗೆ ಆತನ ಇನ್ನೊಂದು ಗುಣ ಬಹಳ ಚುಚ್ಚುತ್ತಿತ್ತು. ಆತ ದರ ಹೇಳುತ್ತಿರಲಿಲ್ಲ. ನಾನು ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ ಬೇಲು ಹೊತ್ತವನು. ಅಲ್ಲಿಂದ ಡ್ರೈವರನಾಗಿ, ಕಡೆಗೆ ಎರಡು ಸಾವಿರದ ಒಂದನೆಯ ಇಸವಿಯ ಒಂದು ಹಳೇ ಟ್ರಕ್ಕಿನ ಮಾಲೀಕನಾಗಿ ನಿಂತದ್ದು ಚೌಕಾಶಿಯ ಬಲದಿಂದಲೇ. ಎದುರಿನವನು ಒಂದು ಅಂಕಿ ಹೇಳಿದರೆ ಸಾಕು, ಹಿಡಿಯಲು ನನಗೆ ಜುಟ್ಟು ಸಿಕ್ಕಿತು. ಈತನಿಗೆ ಜುಟ್ಟೇ ಇಲ್ಲ. "ಎಷ್ಟಾತ್ರಿ ಮಿಸ್ತ್ರಿ?" ಎಂದರೆ, "ನಿನ್ನ ಮನಸಿಗೆ ಬಂದಷ್ಟ ಕೊಡು," ಎಂದು ಬೇರೆ ಕಡೆ ನೋಡುತ್ತಿದ್ದ. ಪಕ್ಕದಲ್ಲಿ ನಾಲ್ಕು ಜನ ಮಾಲೀಕರು ಕೂತಿರುತ್ತಿದ್ದರು. ಅವರೆದುರು ಕಡಿಮೆ ಕೊಡಲು ಯಾವ ಗಂಡಸಿಗೆ ಕೈ ಬರುತ್ತದೆ? ಕೇಳಿದ್ದರೆ ಕೊಡುತ್ತಿದ್ದುದಕ್ಕಿಂತ ಹೆಚ್ಚೇ ಕೊಟ್ಟು ಬರುತ್ತಿದ್ದೆವು. ಮನೆ ಮುಟ್ಟುವವರೆಗೂ ನನ್ನ ಹೊಟ್ಟೆ ಉರಿಯುತ್ತಿತ್ತು.

ಇನ್ನು ಪಂಪಿನ ಕೆಲಸ. ಹಳೆಯ ಡೀಸೆಲ್ ಇಂಜಿನ್ನಿನ ಜೀವ ಇರುವುದು ಪಂಪಿನಲ್ಲಿ. ಪಿಸ್ಟನ್ ಮೇಲೇರುವ ಹೊತ್ತಿಗೆ ಸರಿಯಾಗಿ ಪಂಪು ಡೀಸೆಲ್ ಚಿಮ್ಮಬೇಕು. ಸ್ವಲ್ಪ ಮುಂಚೆ ಚಿಮ್ಮಿದರೆ ಇಂಜಿನ್ ಕುಟ್ಟುತ್ತದೆ, ತಡವಾದರೆ ಬಿಳಿ ಹೊಗೆ ಬಿಟ್ಟು ಎಳೆತ ಸಾಯುತ್ತದೆ. ಪುಲ್ಲಿಯ ಮೇಲಿನ ಗೆರೆ ನೋಡಿಕೊಂಡು ಈ ಹೊಂದಾಣಿಕೆ ಮಾಡುತ್ತಾರೆ. ಆ ಗೆರೆ ಇಂಜಿನ್ನಿನ ಮೈಗೆ ಕೂಡಿಸಿದ ಸೂಜಿಯೆದುರು ಬಂದಿತೆಂದರೆ ಒಂದನೆಯ ಪಿಸ್ಟನ್ ತುದಿ ಮುಟ್ಟಿದೆ ಎಂದು ಲೆಕ್ಕ. ಜಗತ್ತಿನ ಎಲ್ಲ ಮೆಕ್ಯಾನಿಕ್‌ಗಳೂ ಆ ಗೆರೆಯನ್ನು ನಂಬುತ್ತಾರೆ.

ಈತ ಪಂಪಿಗೆ ಕೈ ಹಾಕುವ ಮುನ್ನ ಇಂಜಿನ್ ಮೇಲೊಂದು ಹಸಿರು ಟವೆಲ್ ಹೊದಿಸುತ್ತಿದ್ದ. ಮಾಲೀಕನ ಕೈಗೆ ತೆಂಗಿನಕಾಯಿ ಕೊಟ್ಟು, "ಮುಂದಿನ ಗಾಲಿ ಕಡೆ ಮುಖಾ ಮಾಡಿ ನಿಲ್ಲು. ಮಾಲಕನ ಕಣ್ಣ ಪಂಪಿಗೆ ಬಿದ್ರ ನದರ ಆಗ್ತೈತಿ," ಎನ್ನುತ್ತಿದ್ದ. ಮಾಲೀಕನ ಕಣ್ಣಿನಿಂದಲೇ ಮಾಲಿಗೆ ದೃಷ್ಟಿ ತಾಗುತ್ತದಂತೆ! ಆದರೂ ನಿಂತಿದ್ದೇವೆ. ನಾನೂ ನಿಂತಿದ್ದೇನೆ, ಆರು ವರ್ಷ, ಗಾಲಿಯ ನಟ್ಟು ಎಣಿಸುತ್ತ. ಕೆಲಸ ಮುಗಿದ ಮೇಲೆ ಮಂಗಸೂಳಿಯಿಂದ ತಂದ ಮಲ್ಲಯ್ಯನ ಭಂಡಾರ, ಅಂದರೆ ದೇವರ ಅರಿಶಿನಪುಡಿ, ಅದನ್ನು ಎಣ್ಣೆಯಲ್ಲಿ ಕಲಸಿ ರೇಡಿಯೇಟರಿಗೆ, ಪಂಪಿಗೆ, ಪುಲ್ಲಿಗೆ ದಪ್ಪಗೆ ಬಳಿಯುತ್ತಿದ್ದ. ಆಮೇಲೆ ಕಾಯಿ ಒಡೆಸುವುದು, ಚಾವಿ ತಿರುಗಿಸುವುದು. ಇಂಜಿನ್ ಹಾಲು ಕುಡಿದ ಕೂಸಿನ ಹಾಗೆ ಮೆತ್ತಗೆ ಓಡುತ್ತಿತ್ತು. ಅದೇ ಗಾಡಿಗೆ ಬೇರೆಯವರು ಕೈ ಹಚ್ಚಿದರೆ ಹದಿನೈದು ದಿನದಲ್ಲಿ ಕೆಡುತ್ತಿತ್ತು. ಜನ ಇದಕ್ಕೆ ಕೈಗುಣ ಎಂದು ಹೆಸರಿಟ್ಟರು. ಡಾಕ್ಟರರಿಗೆ ಹೇಳುವ ಮಾತನ್ನು ಮಿಸ್ತ್ರಿಗೆ ಹೇಳಿದರು.

ನಾನು ಮಾಡಿದ ತಪ್ಪು ಸಣ್ಣದು. ಒಂದು ದೀಪಾವಳಿಯ ನಂತರ, ಹಂಗಾಮು ಶುರುವಾಗುವ ಮುಂಚೆ, ಪಂಪಿನ ಡೀಸೆಲ್ಲನ್ನು ಇಂಜಿನ್ನಿನೊಳಗೆ ಸಿಂಪಡಿಸುವ ಆರು ನಾಝಲ್‌ಗಳನ್ನು, ಮಿಸ್ತ್ರಿಯನ್ನು ಕೇಳದೆ, ಮಿರಜಕ್ಕೆ ಹೋಗಿ ನಾನೇ ಅಗ್ಗದಲ್ಲಿ ತಂದೆ. ಮಿಸ್ತ್ರಿ ಡಬ್ಬಿ ಬಿಚ್ಚಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಚಲೋ ಮಾಡಿದಿ ಸಾವಕಾರಾ. ಇನ್ನ ನೀನ ಎಲ್ಲಾ ತರೂದು ಕಲ್ತಿ," ಎಂದ. ಆ ತನಕ ನನಗೆ ಸಾವಕಾರ ಎಂದವನಲ್ಲ. ನಾನು ಹಿಗ್ಗಿದೆ. ಎಂಥ ಮೂರ್ಖ ನೋಡಿ.

ಜನವರಿಯಲ್ಲಿ ಪಂಪಿನ ಜೋಡಣೆ ಸಡಿಲಾಯಿತು. ಕಬ್ಬು ಕಡಿಯುವ ಟೋಳಿ, ಗಡಿಯಾಚೆಯಿಂದ ಬಂದ ಹದಿನಾಲ್ಕು ಜೋಡಿ ಗಂಡಹೆಂಡಿರು, ರಾಯಬಾಗದ ಹತ್ತಿರದ ಹೊಲವೊಂದರಲ್ಲಿ ಕಡಿದು ರಾಶಿ ಹಾಕಿ ಕೂತಿತ್ತು. ಮಿಸ್ತ್ರಿ ಹೊರಸಿನ ಮೇಲಿಂದಲೇ ಹೇಳಿದ, "ನಾಕ ಗಾಡಿ ಸರತಿಗೆ ಅದಾವ. ಎಂಟ ದಿನ ಬಿಟ್ಟ ಬಾ."

"ಎಂಟ ದಿನಕ್ಕ ಕಬ್ಬ ಒಣಗಿ ಕಟಗಿ ಆಗ್ತೈತ್ರಿ ಮಿಸ್ತ್ರಿ."

"ಮಿರಜದಾಗ ನಾಝಲ್ ಅಷ್ಟ ಮಾರತಾರೇನು? ಮಿಸ್ತ್ರಿನೂ ಸೋವಿ ಸಿಗಬಹುದು, ನೋಡು."

ಹೊರಸಿನ ಸುತ್ತ ಕೂತವರು ನಕ್ಕರು. ನಾನು ಗಾಡಿಯನ್ನು ಕುಂಟಿಸಿಕೊಂಡು ರಾಯಬಾಗಕ್ಕೆ ಹೋದೆ. ಅಲ್ಲಿ ಸದಾಶಿವ ಎಂಬ ಮೆಕ್ಯಾನಿಕ್ ಇದ್ದಾನೆ, ನನಗಿಂತ ಹತ್ತು ವರ್ಷ ಚಿಕ್ಕವನು, ನೇರ ಮನುಷ್ಯ. ಟವೆಲ್ ಹಾಕಲಿಲ್ಲ, ಕಾಯಿ ಕೇಳಲಿಲ್ಲ, ನನ್ನ ಕಣ್ಣೆದುರೇ ಗೆರೆ ನೋಡಿ ಪಂಪು ಕೂಡಿಸಿದ. ದರ ಹೇಳಿದ, ನಾನು ಇಳಿಸಿದೆ, ಇಬ್ಬರಿಗೂ ಸಮಾಧಾನವಾಯಿತು. ಇಂಜಿನ್ ಸ್ವಲ್ಪ ಕುಟ್ಟುತ್ತಿತ್ತು. "ಹೊಸಾ ನಾಝಲ್ ಅದಾವಲ್ರಿ, ಕೂಡಾಕ ಎರಡ ದಿನ ಬೇಕು," ಎಂದ ಸದಾಶಿವ. ಗೆರೆಗೆ ಗೆರೆ ಸರಿಯಿದ್ದಾಗ ಬೇರೆ ಏನು ಹೇಳಿಯಾನು?

ಮೂರನೆಯ ದಿನ, ಕಬ್ಬು ತುಂಬಿದ ಗಾಡಿ ಏರಿನಲ್ಲಿ ದೊಡ್ಡದಾಗಿ ಕೆಮ್ಮಿ ನಿಂತಿತು. ಹೆಡ್ ಗ್ಯಾಸ್ಕೆಟ್ ಹಾರಿತ್ತು, ಎರಡು ಪಿಸ್ಟನ್ನಿನ ನೆತ್ತಿ ಕರಗಿತ್ತು. ಸುದ್ದಿ ಹೋದ ಗಂಟೆಯೊಳಗೆ ಮಿಸ್ತ್ರಿ ಬಂದ. ನಾನು ಕರೆದಿರಲಿಲ್ಲ. ಬಿಳಿ ಅಂಗಿಯಲ್ಲಿ ಬೇರೆಯವರ ಮೋಟರ್‌ಸೈಕಲ್ಲಿನ ಹಿಂದೆ ಕೂತು ಬಂದು ಇಳಿದ. ಟೋಳಿಯ ಗಂಡಸರು, ಹೆಂಗಸರು, ರಸ್ತೆಯಲ್ಲಿ ನಿಂತ ಟ್ರ್ಯಾಕ್ಟರುಗಳವರು, ಬೆವರುತ್ತ ನಿಂತ ಸದಾಶಿವ, ಎಲ್ಲರೂ ನೋಡುತ್ತಿದ್ದಂತೆ ನನ್ನ ಗಾಡಿಯ ಮುಖದ ಮೇಲೆ ಕೈಯಾಡಿಸಿದ.

"ಈ ಗಾಡಿಗೆ ನನ್ನ ಕೈ ರೂಢಿ ಆಗೇತಿ. ಬ್ಯಾರೆ ಕೈ ಬಿದ್ರ ಮುನಸ್ಕೋತೈತಿ." ಆಮೇಲೆ ನನ್ನ ಕಡೆ ತಿರುಗಿದ. "ಸಾವಕಾರಾ, ಚೌಕಾಶಿ ಸಂತ್ಯಾಗ ಬದನಿಕಾಯಿ ಕೂಡ ಮಾಡು. ಇಂಜಿನ್ ಕೂಡ ಮಾಡಬ್ಯಾಡ."

ಜನ ನಕ್ಕ ಸದ್ದು ಈಗಲೂ ಕಿವಿಯಲ್ಲಿದೆ. ಟೋಳಿಯ ಮುಂದಾಳು ಮುಕಾದಮ ಮಾತ್ರ ನಗಲಿಲ್ಲ. ಹತ್ತಿರ ಬಂದು ಮರಾಠಿಯಲ್ಲಿ, "ಮಾಲಕ, ಆಮ್ಹಾಲಾ ಥಾಂಬತಾ ಯೇಣಾರ ನಾಹಿ," ಎಂದ, ನಮಗೆ ನಿಲ್ಲಲಾಗುವುದಿಲ್ಲ ಎಂದು. ಅವನದು ತಪ್ಪಲ್ಲ, ಹದಿನಾಲ್ಕು ಜೋಡಿಯ ಹೊಟ್ಟೆಯ ಮಾತು. ಸಂಜೆಯೊಳಗೆ ನನ್ನ ಕಬ್ಬು ಬೇರೆಯವರ ಗಾಡಿಗೆ ಏರಿತು, ಟೋಳಿಯೂ ಅದರ ಹಿಂದೆಯೇ ಹೋಯಿತು.

ನನ್ನ ಗಾಡಿಯನ್ನು ಏಕಸಂಬಿಯ ಹತ್ತಿರದ ಮನೆಯ ಅಂಗಳಕ್ಕೆ ಎಳೆಸಿ ತಂದೆ. ಮಿಸ್ತ್ರಿಯ ಬಳಿ ಮಾತ್ರ ಹೋಗುವುದಿಲ್ಲ ಎಂದು ನಿರ್ಧರಿಸಿದ್ದೆ. ಮೂರು ಕಬ್ಬಿಣದ ಕಂಬ ನೆಟ್ಟು, ಚೈನ್ ರಾಟೆ ಕಟ್ಟಿ, ಹೆಡ್ಡನ್ನು ನಾನೇ ಎತ್ತಿದೆ. ಬಿಚ್ಚಿದ ಪ್ರತಿ ಬೋಲ್ಟನ್ನೂ ಹಿಟ್ಟಿನ ಡಬ್ಬಿಯ ಮುಚ್ಚಳಗಳಲ್ಲಿ ಸಾಲಾಗಿಟ್ಟೆ. ಹೆಂಡತಿ ಮುಚ್ಚಳ ಹುಡುಕುತ್ತ ಬಂದು, ನೋಡಿ, ಒಳಗೆ ಹೋದಳು. ಭಾನುವಾರ ಸದಾಶಿವ ಬಂದ. ರಾಯಬಾಗದಲ್ಲಿ ಅವನ ಬಳಿ ಗಾಡಿ ಬರುವುದು ನಿಂತಿತ್ತು. "ಅಣ್ಣಾ, ನಾ ಎಲ್ಲಿ ತಪ್ಪಿದೆ ಅನ್ನೂದು ತಿಳೀಬೇಕು. ಇಲ್ಲಾಂದ್ರ ಪಾನಾ ಮುಟ್ಟಾಂಗಿಲ್ಲ," ಎಂದ, ಕೈಯಲ್ಲಿದ್ದ ಸ್ಪ್ಯಾನರ್ ತೋರಿಸಿ.

ಹೆಡ್ ಇಲ್ಲದ ಇಂಜಿನ್ನಿನಲ್ಲಿ ಪಿಸ್ಟನ್ ಬರಿಗಣ್ಣಿಗೆ ಕಾಣುತ್ತದೆ. ಸದಾಶಿವ ಇಂಜಿನ್ ತಿರುಗಿಸುತ್ತ ಹೋದ, ನಾನು ಒಂದನೆಯ ಪಿಸ್ಟನ್ನಿನ ಮೇಲೆ ಬೆರಳಿಟ್ಟು ಕೂತೆ. ಅದು ತುದಿ ಮುಟ್ಟಿತು. "ನಿಲ್ಲು!" ಎಂದೆ. ಸದಾಶಿವ ಬಗ್ಗಿ ಪುಲ್ಲಿ ನೋಡಿದ. ಇನ್ನೊಮ್ಮೆ ಬಗ್ಗಿದ.

"ಏನಾತೋ?"

"ಗೆರಿ ಸೂಜಿ ಮುಂದ ಇಲ್ಲಣ್ಣಾ. ಒಂದ ಬೆರಳ ಆಚಿಗೈತಿ."

ಮತ್ತೆ ತಿರುಗಿಸಿದೆವು, ಮತ್ತೆ ಅದೇ. ನಾಲ್ಕನೇ ಸಲವೂ ಅದೇ. ಕಾರ್ಖಾನೆಯಲ್ಲಿ ಕೆತ್ತಿದ ಗೆರೆ ತಪ್ಪುವುದಿಲ್ಲ. ಆ ಗೆರೆಯೊಂದನ್ನು ಬಿಟ್ಟು ಪುಲ್ಲಿಯ ಮೇಲೆಲ್ಲ ಭಂಡಾರದ ದಪ್ಪ ಪದರು ಗಟ್ಟಿಯಾಗಿ ಕೂತಿತ್ತು. ಸದಾಶಿವನ ಕೈಯಲ್ಲಿ ಡೀಸೆಲ್ ಅರಿವೆ ಇತ್ತು, ಆದರೆ ಕೈ ಮುಂದೆ ಹೋಗಲಿಲ್ಲ. ನನ್ನದೂ ಹೋಗಲಿಲ್ಲ. ಈ ಸೀಮೆಯಲ್ಲಿ ಮಲ್ಲಯ್ಯನ ಭಂಡಾರವನ್ನು ಅರಿವೆಯಿಂದ ಒರೆಸುವವರು ಯಾರೂ ಇಲ್ಲ. ಆಗ ನನಗೆ ಹೊಳೆಯಿತು. ನೂರು ಬೀಗ ಹಾಕಿದರೂ ಇಷ್ಟು ಭದ್ರ ಆಗುತ್ತಿರಲಿಲ್ಲ. ಆತ ದೇವರನ್ನೇ ಕಾವಲಿಗೆ ನಿಲ್ಲಿಸಿದ್ದ.

ಹೆಂಡತಿ ಚಹಾ ತಂದವಳು ಇಬ್ಬರೂ ಕೈಕಟ್ಟಿ ಕೂತದ್ದನ್ನು ನೋಡಿ ಸಂಗತಿ ಕೇಳಿದಳು. ಅವಳು ಪ್ರತಿ ಭಾನುವಾರ ಮಲ್ಲಯ್ಯನಿಗೆ ಒಪ್ಪತ್ತು ಇರುವವಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಬಗ್ಗಿ, ಬೆರಳಿನಿಂದ ಚೂರು ಭಂಡಾರ ಕೆರೆದು ನನ್ನ ಹಣೆಗೊಂದು, ಸದಾಶಿವನ ಹಣೆಗೊಂದು ಹಚ್ಚಿದಳು.

"ದೇವರದು ನಿಮ್ಮ ಹಣಿಗೆ ಬಂತಿಲ್ಲ? ಉಳದದ್ದ ಮಿಸ್ತ್ರಿ ಎಣ್ಣಿ. ಒರಸ್ರಿ ಇನ್ನ."

ಒರೆಸಿದೆವು. ಕೆಳಗೆ ಅರದಿಂದ ತಿಕ್ಕಿ ತಿಕ್ಕಿ ನುಣುಪು ಮಾಡಿದ ಒಂದು ಬಿಲ್ಲೆಯಗಲದ ಜಾಗ ಫಳಫಳ ಹೊಳೆಯಿತು. ಪಿಸ್ಟನ್ ತುದಿ ಮುಟ್ಟಿದಾಗ ಸೂಜಿಯೆದುರು ಬರುತ್ತಿದ್ದದ್ದು ಅದೇ ಜಾಗ. ಅಲ್ಲಿದ್ದ ನಿಜವಾದ ಗೆರೆಯನ್ನು ಅಳಿಸಿ, ಒಂದು ಬೆರಳು ಆಚೆಗೆ ಗರಗಸದ ಅಲಗಿನಿಂದ ಹೊಸದು ಕೊಯ್ದಿದ್ದ. ಆ ಒಂದು ಬೆರಳನ್ನು ಕಳೆದು ಪಂಪು ಕೂಡಿಸಬೇಕೆಂದು ಭೂಮಿಯ ಮೇಲೆ ಆತನೊಬ್ಬನಿಗೇ ಗೊತ್ತಿತ್ತು. ಸದಾಶಿವ ಆ ಹೊಳೆಯುವ ಜಾಗದ ಮೇಲೆ ಉಗುರಾಡಿಸುತ್ತ ಅತ್ತುಬಿಟ್ಟ. ನನಗೆ ಅಳು ಬರಲಿಲ್ಲ. ಬಂದದ್ದು ಲೆಕ್ಕ. ಈ ಮನುಷ್ಯನನ್ನು ಹೇಗೆ ಮುಗಿಸುವುದು ಎಂಬ ಲೆಕ್ಕ.

ಮೊದಲು ಗಾಡಿ ಕಟ್ಟಿದೆವು. ನಿಜವಾದ ಜಾಗದಲ್ಲಿ ಚಾಣದಿಂದ ಗೆರೆ ಕೊರೆದು ಬಿಳಿ ಪೇಂಟ್ ತುಂಬಿದೆ. ಅದನ್ನು ನೋಡಲು ಗಾಡಿಯ ಕೆಳಗೆ ತೂರಬೇಕಾಗಿತ್ತು. ಹಾಗಾಗಿ ಮುಂದಿನ ಗಾಲಿಯ ಪಕ್ಕದ ತಗಡಿಗೆ ಅಂಗೈಯಗಲದ ಕಿಟಕಿ ಕೊಯ್ದು, ಮೇಲೆ ಬಿಜಾಗರಿಯ ಮುಚ್ಚಳ ಕೂಡಿಸಿದೆ. ಮುಚ್ಚಳ ಎತ್ತಿದರೆ ಗೆರೆ. ಯಾರು ಬೇಕಾದರೂ ನೋಡಲಿ. ಡೀಸೆಲ್ ಫಿಲ್ಟರನ್ನೂ ಕೈಗೆ ಎಟುಕುವ ಕಡೆ ಹೊರಗೆ ತಂದೆ. ಗಾಡಿ ನುಣ್ಣಗೆ ಓಡಿತು. ಕೈಗುಣ ನನ್ನ ಕೈಗೂ ಬಂತು, ಎರಡು ಭಾನುವಾರದಲ್ಲಿ!

ಸುದ್ದಿ ಕೇಳಿ ಮೊದಲ ಗಾಡಿ ಅಂಗಳಕ್ಕೆ ಬಂದಾಗ ನನ್ನ ಹಳೇ ಬುದ್ಧಿ ಎದ್ದು ಕೂತಿತು. ಇವನಿಂದ ಎಷ್ಟು ಕೇಳಬಹುದು? ಗೆರೆಯ ಗುಟ್ಟು ಹೇಳದೆ ಬರೀ ಪಂಪು ಕೂಡಿಸಿ ಕಳಿಸಿದರೆ ಇವನು ನನ್ನ ಬಳಿಯೇ ಬರುತ್ತಾನಲ್ಲ? ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಮುಖ ಓದಿದಳು. "ಟವೆಲ್ ಕೊಡ್ಲೇನ್ರಿ, ಹೊಚ್ಚಾಕ?" ಎಂದಳು.

ಅಲ್ಲಿಗೆ ನಿಂತಿತು. ಸಾವಕಾಶ ಯೋಚನೆ ಮಾಡಿದ ಮೇಲೆ ವ್ಯಾಪಾರವೂ ತಿಳಿಯಿತು. ನಾನು ದುಡ್ಡು ತೆಗೆದುಕೊಂಡರೆ ಆತನಿಗೆ ಎದುರಾಳಿ ಆಗುತ್ತೇನೆ, ಇಬ್ಬರ ಅಂಗಡಿಯೂ ನಡೆಯುತ್ತದೆ. ಪುಕ್ಕಟೆ ಮಾಡಿದರೆ ಆತನ ಅಂಗಡಿ ಮುಚ್ಚುತ್ತದೆ. ಜೀವನದಲ್ಲಿ ಒಂದು ನಟ್ಟನ್ನೂ ಪುಕ್ಕಟೆ ಕೊಡದ ನಾನು ಇದನ್ನು ಪುಕ್ಕಟೆ ಕೊಟ್ಟೆ. ಒಂದೇ ಷರತ್ತು: ಮಾಲೀಕ ಪಕ್ಕದಲ್ಲಿ ನಿಂತು ನೋಡಬೇಕು, ಗೆರೆಯ ಪೇಂಟನ್ನು ತನ್ನ ಕೈಯಿಂದಲೇ ತುಂಬಬೇಕು.

ಎರಡು ಬೇಸಿಗೆಯಲ್ಲಿ ಹತ್ತೊಂಬತ್ತು ಗಾಡಿಗೆ ಗೆರೆ ಕೊರೆದು ಕಿಟಕಿ ಕೊಯ್ದೆವು. ಸದಾಶಿವ ಹೆಡ್ ಬಿಚ್ಚದೆಯೇ, ನಾಝಲ್ ತೂತಿನಿಂದ ತಂತಿ ಇಳಿಸಿ ಪಿಸ್ಟನ್ನಿನ ತುದಿ ಹಿಡಿಯುವ ಉಪಾಯ ಮಾಡಿದ. ಆಗ ಇನ್ನೊಂದು ಸಂಗತಿ ಹೊರಬಿತ್ತು. ಗೆರೆ ಒಂದು ಗಾಡಿಗೆ ಒಂದು ಬೆರಳು ಬಲಕ್ಕೆ, ಇನ್ನೊಂದಕ್ಕೆ ಅರ್ಧ ಬೆರಳು ಎಡಕ್ಕೆ, ಮತ್ತೊಂದಕ್ಕೆ ಒಂದೂವರೆ. ಎಲ್ಲಿಯೂ ಬರೆದಿಟ್ಟಿರಲಿಲ್ಲ, ಅಷ್ಟನ್ನೂ ತಲೆಯಲ್ಲಿಟ್ಟುಕೊಂಡಿದ್ದ. ಆ ತಲೆಯನ್ನು ನೆಟ್ಟಗೆ ಬಳಸಿದ್ದರೆ! ಎಂದು ಸದಾಶಿವ ಮರುಗುತ್ತಿದ್ದ. ನಾನು ಮರುಗಲಿಲ್ಲ, ಮುಂದಿನ ಗಾಡಿ ಕರೆಯುತ್ತಿದ್ದೆ.

ಎರಡನೆಯ ವರ್ಷದ ಖಂಡೇಪೂಜೆಗೆ, ಎಂದರೆ ಮಹಾನವಮಿಯ ಆಯುಧಪೂಜೆಗೆ, ನಾನು ಆತನ ಜಾಗಕ್ಕೇ ಹೋದೆ. ಆ ದಿನ ಎಲ್ಲ ಮಾಲೀಕರೂ ಆತನ ಕೈಯಿಂದ ಗಾಡಿಗೆ ಭಂಡಾರ ಹಚ್ಚಿಸಿಕೊಳ್ಳುವ ರೂಢಿ. ಸಾಲಿನಲ್ಲಿ ನಿಂತ ಗಾಡಿಗಳಲ್ಲಿ ಅರ್ಧಕ್ಕೆ ನನ್ನ ಕಿಟಕಿ ಇತ್ತು. ಗುಟ್ಟು ಗೊತ್ತಾದವರೂ ಬಂದಿದ್ದರು, ಹಬ್ಬ ಬಿಡಲಾಗದೆ. ಎಲ್ಲರೆದುರು ನಿಂತು ನಾನು ಹೇಳಿದೆ, "ಮಿಸ್ತ್ರಿ, ಈ ಗಾಡಿಗೋಳ ಗೆರಿ ಯಾರ ಅಳಸಿದ್ರು? ಮಲ್ಲಯ್ಯನ ಭಂಡಾರ ಕೈಯಾಗೈತಿ, ಹೇಳ್ರಿ."

ಆತ ಭಂಡಾರದ ತಟ್ಟೆ ಕೆಳಗಿಡಲಿಲ್ಲ.

"ನಾನ. ಯಾಕ?"

ಸುಳ್ಳು ಹೇಳುತ್ತಾನೆ, ಆಣೆ ಇಡುತ್ತಾನೆ ಎಂದು ನಾನು ಮನೆಯಲ್ಲೇ ಎದುರುತ್ತರ ಕಟ್ಟಿಕೊಂಡು ಹೋಗಿದ್ದೆ. ಅದು ಕೆಲಸಕ್ಕೆ ಬರಲಿಲ್ಲ, ನಷ್ಟದ ಲೆಕ್ಕ ಒಪ್ಪಿಸಿದೆ.

"ನನ್ನ ಹಂಗಾಮ ಮುಳುಗಿಸಿದ್ರಿ. ಸದಾಶಿವನ ಹೆಸರ ಕೆಡಿಸಿದ್ರಿ."

"ಹೂಂ. ನನ್ನ ಬಿಟ್ಟ ಹೋದವ್ರ ಗಾಡಿ ಕೆಟ್ಟಾವ, ನನ್ನ ಹಂತ್ಯಾಕ ಇದ್ದವ್ರದು ಒಂದಾರ ಕೆಟ್ಟೈತೇನ ಕೇಳು." ತಟ್ಟೆಯೊಂದಿಗೆ ಮುಂದಿನ ಗಾಡಿಗೆ ಹೋಗುತ್ತ ಹೇಳಿದ, "ಗೆರಿ ಎಲ್ಲಾರಿಗೂ ಕಂಡ ಮ್ಯಾಲ ಮಿಸ್ತ್ರಿ ಯಾಕ ಬೇಕೋ? ಇನ್ನ ಹತ್ತ ವರ್ಷಕ್ಕ ನಿನ್ನನ್ನೂ ಯಾರೂ ಕೇಳಾಂಗಿಲ್ಲ. ನೋಡ್ತಿರು."

ಮುಂದಿನ ವರ್ಷ ಆ ಜಾಗದಲ್ಲಿ ಪೂಜೆಗೆ ಮೂರು ಗಾಡಿ ನಿಂತವು. ಅದರ ಮರುವರ್ಷ ಒಂದೂ ಇಲ್ಲ. ನನ್ನ ಕೆಲಸ ಮುಗಿದಿತ್ತು. ಅಷ್ಟಕ್ಕೇ ಬಿಡಬಹುದಿತ್ತು, ಬಿಡಲಿಲ್ಲ. ವಾರಕ್ಕೊಮ್ಮೆ ಸುತ್ತು ಹಾಕಿಯಾದರೂ ಆತನ ಚಪ್ಪರದೆದುರು ಗಾಡಿ ತರುತ್ತಿದ್ದೆ. ಎರಡನೇ ಗೇರಿಗೆ ಇಳಿಸಿ, ಹಾರ್ನು ಒತ್ತಿ, ನಿಧಾನಕ್ಕೆ ಸಾಗುತ್ತಿದ್ದೆ. ಆತ ಖಾಲಿ ಅಂಗಳದಲ್ಲಿ ಹೊರಸಿನ ಮೇಲೆ ತಂಬಾಕು ತಿಕ್ಕುತ್ತ ಕೂತಿರುತ್ತಿದ್ದ. ಅಂಗಿ ಹಾಗೆಯೇ ಬಿಳಿ. ನನಗೆ ಅದು ವಾರದ ಔಷಧದ ಹಾಗಿತ್ತು.

ಒಂದು ದಿನ ಹಾಗೆ ಸಾಗುವಾಗ ಆತ ಹೊರಸಿನಿಂದ ಕೂಗಿದ, "ಲೇ ಸಾವಕಾರಾ! ಮೂರನೇ ನಾಝಲ್ ಸೋರಾಕತ್ತೈತಿ!"

ನಾನು ಕೇಳಿಸದವನ ಹಾಗೆ ಹೊರಟುಹೋದೆ. ರಸ್ತೆಯಾಚೆಯಿಂದ, ಹಾರ್ನಿನ ಗದ್ದಲದಲ್ಲಿ, ಆರರಲ್ಲಿ ಮೂರನೆಯದು! ಹಟಕ್ಕೆ ಬಿದ್ದು ನಾಲ್ಕು ದಿನ ಮುಟ್ಟಲಿಲ್ಲ. ಐದನೆಯ ದಿನ ಸದಾಶಿವ ಬಂದಾಗ ಬಿಚ್ಚಿಸಿದೆ. ಮೂರನೆಯದೇ. ಇನ್ನೊಂದು ವಾರ ಬಿಟ್ಟಿದ್ದರೆ ಮತ್ತೊಂದು ಪಿಸ್ಟನ್ ಹೋಗುತ್ತಿತ್ತು ಎಂದ ಸದಾಶಿವ. ಅಂದಿನಿಂದ ಆ ರಸ್ತೆಯಲ್ಲಿ ಹಾರ್ನು ಒತ್ತುವುದನ್ನು ಬಿಟ್ಟೆ. ಧನ್ಯವಾದ ಹೇಳಲು ಹೋಗಲಿಲ್ಲ. ನನ್ನ ಎರಡು ಪಿಸ್ಟನ್ನಿಗೆ ಆತ ಒಂದನ್ನು ವಾಪಸು ಮಾಡಿದ್ದ, ಇನ್ನೊಂದು ಬಾಕಿಯೇ.

ಕಳೆದ ತಿಂಗಳು ಆತ ತೀರಿಕೊಂಡ. ಎರಡು ದಿನ ಜ್ವರ, ಅಷ್ಟೇ. ಮಣ್ಣಿಗೆ ನಾನೂ ಹೋದೆ. ಯಾಕೆ ಹೋದೆ ಎಂದು ಕೇಳಿದರೆ, ಎಷ್ಟು ಜನ ಬಂದಾರು ಎಂದು ನೋಡಲು ಎನ್ನುವುದೇ ನಿಜ. ಚಿಕ್ಕೋಡಿ ರಸ್ತೆಯ ಎರಡೂ ಬದಿಗೆ ಗಾಡಿಗಳು ನಿಂತಿದ್ದವು. ಅಥಣಿಯಿಂದ ಬಂದಿದ್ದರು, ನಿಪ್ಪಾಣಿಯಿಂದ ಬಂದಿದ್ದರು. ನನ್ನ ಕಿಟಕಿಯ ಹತ್ತೊಂಬತ್ತು ಗಾಡಿಗಳಲ್ಲಿ ಹದಿನೇಳು ಅಲ್ಲಿದ್ದವು. ನಾನು ಎಣಿಸಿದೆ.

ಅದರಲ್ಲೊಬ್ಬ ಮಾಲೀಕ, ನನ್ನ ಅಂಗಳದಲ್ಲಿ ಚಹಾ ಕುಡಿದು ತನ್ನ ಕೈಯಾರೆ ಪೇಂಟ್ ತುಂಬಿದವನು, ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡ. "ಇಂಥಾ ಕೈ ಇನ್ನ ಹುಟ್ಟಾಂಗಿಲ್ಲ ಬಿಡ್ರಿ," ಎಂದ.

ನನಗೆ ತಡೆಯಲಾಗಲಿಲ್ಲ. ತಗ್ಗಿದ ದನಿಯಲ್ಲೇ ಹಲ್ಲು ಕಚ್ಚಿ ಹೇಳಿದೆ, "ಯಾವ ಕೈ ಲೇ? ಗೆರಿ ಅಳಸಿ ನಿನ್ನ ಹತ್ತ ವರ್ಷ ಕುಣಿಸಿದ್ದ ಕೈ. ನಿನ್ನ ಗಾಡಿ ಇವತ್ತ ನೆಟ್ಟಗ ನಡದದ್ದ ಯಾರ ಗೆರಿಯಿಂದ?"

ಆ ಮಾಲೀಕ ನನ್ನ ಹೆಗಲ ಮೇಲೆ ಕೈಯಿಟ್ಟ, ಸಣ್ಣವರಿಗೆ ಸಮಾಧಾನ ಹೇಳುವ ಹಾಗೆ.

"ಗೆರಿ ನಿಂದಣ್ಣಾ. ಯಾರ ಇಲ್ಲ ಅಂದ್ರು? ಆದ್ರ ಕೈ ಅವಂದ."

ಪಕ್ಕದಲ್ಲಿದ್ದ ಇಬ್ಬರು ಹೌದೆಂದು ತಲೆಯಾಡಿಸಿದರು. ಅವರ ಗಾಡಿಗೂ ನಾನೇ ಕಿಟಕಿ ಕೊಯ್ದದ್ದು. ಎಲ್ಲ ಗೊತ್ತಿದ್ದೂ, ಕಣ್ಣಾರೆ ಅರದ ಗುರುತು ಕಂಡಿದ್ದೂ, ಹೀಗೆ. ಆತನ ಅಂಗಳವನ್ನು ಖಾಲಿ ಮಾಡಿಸಿದೆ, ಇವರ ತಲೆಯೊಳಗಿಂದ ಮಾತ್ರ ಆತನನ್ನು ಕೀಳಲು ನನ್ನ ಬಳಿ ಪಾನಾ ಇಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು, "ಸತ್ತವರ ಕೂಡ ಎಷ್ಟ ದಿನ ಜಗಳಾಡ್ತೀರಿ?" ಎಂದಳು. ಇದೊಂದೇ ಸಲ ಎಂದೆ. ಈ ಬರಹ ಆ ಒಂದು ಸಲ.

ನಮ್ಮ ಊರುಗಳವರಿಗೆ ಹೇಳಿ ನೋಡಿದೆ. ಆಗಲಿಲ್ಲ. ಆತನನ್ನು ಕಾಣದ ನಿಮಗೆ ಹೇಳುತ್ತೇನೆ, ನಿಮ್ಮ ತಲೆ ಇನ್ನೂ ಖಾಲಿ ಇದೆ. ಮನೆಯಲ್ಲಿ ಹಳೇ ಡೀಸೆಲ್ ಗಾಡಿ ಇದ್ದರೆ, ಹಂಗಾಮು ಮುಗಿದು ಅದು ನೆರಳಿಗೆ ನಿಂತಾಗ ಒಂದು ಭಾನುವಾರ ತೆಗೆದಿಡಿ. ಬ್ಯಾಟರಿಯ ವೈರು ಮೊದಲು ಬಿಚ್ಚಿ, ಗಾಲಿಗೆ ಕಲ್ಲು ಕೊಡಿ. ಪುಲ್ಲಿಯನ್ನು ಡೀಸೆಲ್‌ನಿಂದ ತೊಳೆಯಿರಿ. ಅದರ ಮೇಲೆ ಏನೇ ಬಳಿದಿರಲಿ, ಯಾರ ಹೆಸರಲ್ಲೇ ಬಳಿದಿರಲಿ. ಒಂದನೆಯ ಪಿಸ್ಟನ್ನಿನ ತುದಿಯನ್ನು ನೀವೇ ಹಿಡಿದು, ಗೆರೆ ಸೂಜಿಯೆದುರು ಬರುತ್ತದೋ ಇಲ್ಲವೋ ನೋಡಿ. ಒಂದು ಸಲ ನೋಡಿ ನಂಬಬೇಡಿ, ನಾಲ್ಕು ಸಲ ತಿರುಗಿಸಿ. ಬಾರದಿದ್ದರೆ ಯಾರ ಮೇಲೂ ಕೂಗಾಡಬೇಡಿ, ಕೂಗಾಟಕ್ಕೆ ಹೋದ ಹೊತ್ತಿನಲ್ಲಿ ಎರಡು ಗಾಡಿಯ ಕೆಲಸ ಮುಗಿಯುತ್ತದೆ. ಸರಿಯಾದ ಜಾಗದಲ್ಲಿ ಚಾಣದಿಂದ ತೆಳ್ಳಗೆ ಗೆರೆ ಕೊರೆದು ಬಿಳಿ ಪೇಂಟ್ ತುಂಬಿ. ಸುಳ್ಳು ಗೆರೆಯನ್ನು ಪೂರ್ತಿ ಅಳಿಸಿ, ಇಲ್ಲವಾದರೆ ಮುಂದೊಂದು ದಿನ ನೀವೇ ಅದನ್ನು ನಂಬುತ್ತೀರಿ. ಪೇಂಟಿನ ಸಣ್ಣ ಡಬ್ಬಿಗೆ ಅಂಗಡಿಯವನು ಹೇಳಿದ ದರದಲ್ಲಿ ಹತ್ತು ರೂಪಾಯಿಯಾದರೂ ಇಳಿಸಿ. ಮನೆಯಲ್ಲಿ ಇನ್ನೊಬ್ಬರಿಗೆ ಆ ಜಾಗ ತೋರಿಸಿಡಿ. ನಾಳೆ ಯಾವನಾದರೂ ಮಿಸ್ತ್ರಿ ಬಗ್ಗಿ ನೋಡಿ, ಈ ಗೆರೆ ಎಳೆದವರು ಯಾರು ಎಂದು ಕೇಳಿದರೆ, ನನ್ನ ಹೆಸರು ಹೇಳಬೇಡಿ. ನಿಮ್ಮದೇ ಹೇಳಿ.